ಜಾರುಗರಗಸದ ವ್ಯಾಮೋಹ

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಮಂದಿಯೂ ಬಂಧುವರ್ಗದಲ್ಲಿ ಇಬ್ಬರೂ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. "ಸರ್, ಮನೆಯಲ್ಲೇ ಸ್ವಲ್ಪ ಮರಗೆಲಸ ಮಾಡಬೇಕೆಂದಿದ್ದೇನೆ. ಕಡಿಮೆ ಬೆಲೆಯ ಸ್ಲೈಡಿಂಗ್ ಮೈಟರ್ ಸಾ ಯಾವುದು ತೆಗೆದುಕೊಳ್ಳಲಿ?" ಎಂಬುದು ಅದರ ಸಾರಾಂಶ. ನಿವೃತ್ತಿಯ ನಂತರ ಹಿತ್ತಲಿನ ಕೊಟ್ಟಿಗೆಯನ್ನು ಮರಗೆಲಸದ ಕೋಣೆಯಾಗಿ ಮಾರ್ಪಡಿಸಿಕೊಂಡು ನಾನು ನಡೆಸುತ್ತಿರುವ ಸಾಹಸಗಳು ಅವರಿಗೆ ತಿಳಿದಿರುವುದರಿಂದ ಕೇಳಿದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವಷ್ಟು ತಾಳ್ಮೆ ಈ ವಯಸ್ಸಿನಲ್ಲಿ ಉಳಿದಿಲ್ಲವಾದ್ದರಿಂದ ಎಲ್ಲರಿಗೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಡಿಮೆ ಬೆಲೆಯ ಜಾರುಗರಗಸ ಯಾವುದೂ ಬೇಡ. ಆ ಹಣದಲ್ಲಿ ಜಾರದ ಗರಗಸವೊಂದನ್ನು ಕೊಳ್ಳಿರಿ.

ಈ ಉತ್ತರವನ್ನು ಕೇಳಿದವರಾರೂ ಸಂತೋಷಪಟ್ಟಿಲ್ಲ. ಒಬ್ಬನಂತೂ "ನೀವು ಹಳೆಯ ಕಾಲದವರು ಸರ್" ಎಂದು ನಕ್ಕುಬಿಟ್ಟ. ಹಳೆಯ ಕಾಲದವನೆಂಬುದು ನಿಜ. ಆದರೆ ವಾದಕ್ಕೆ ಅದು ಉತ್ತರವಾಗಲಾರದು. ಆದ್ದರಿಂದ ಕಾರಣಗಳನ್ನು ವಿವರವಾಗಿಯೇ ಬರೆಯುತ್ತೇನೆ.

ಯಂತ್ರದ ಪರಿಚಯವಿಲ್ಲದ ನನ್ನ ಅಕ್ಕಂದಿರಿಗಾಗಿ ಎರಡು ಮಾತು. ಮೈಟರ್ ಸಾ ಎಂದರೆ ಒಂದು ಪೀಠ, ಅದರ ಹಿಂಬದಿಯಲ್ಲಿ ಮರವನ್ನು ಒರಗಿಸಲು ನೇರವಾದ ಒಂದು ಪಟ್ಟಿ, ಮೇಲೆ ಕೀಲಿನ ಮೇಲೆ ಬಾಗುವ ದುಂಡು ಗರಗಸ. ಹಿಡಿಯನ್ನು ಕೆಳಕ್ಕೆ ಒತ್ತಿದರೆ ಅಲಗು ಮರವನ್ನು ಅಡ್ಡಲಾಗಿ ಕತ್ತರಿಸುತ್ತದೆ. ಪೀಠವನ್ನು ತಿರುಗಿಸಿ 45 ಡಿಗ್ರಿಗೆ ನಿಲ್ಲಿಸಿದರೆ ಫೋಟೋ ಚೌಕಟ್ಟಿನ ಓರೆ ಮೂಲೆ ಬರುತ್ತದೆ. 30 ಡಿಗ್ರಿಗೆ ನಿಲ್ಲಿಸಿದರೆ ಆರು ಮೂಲೆಯ ಚೌಕಟ್ಟು, 22.5ಕ್ಕೆ ನಿಲ್ಲಿಸಿದರೆ ಎಂಟು ಮೂಲೆಯದು. ಇದಕ್ಕೆ ಎರಡು ಕೊಳವೆಗಳನ್ನು ಜೋಡಿಸಿ, ಗರಗಸದ ತಲೆ ಮುಂದಕ್ಕೂ ಹಿಂದಕ್ಕೂ ಜಾರುವಂತೆ ಮಾಡಿದರೆ ಅದೇ ಸ್ಲೈಡಿಂಗ್ ಮೈಟರ್ ಸಾ. ಜಾರದ 10 ಇಂಚಿನ ಯಂತ್ರ ಸುಮಾರು 130ರಿಂದ 150 ಮಿ.ಮೀ. ಅಗಲದ ಹಲಗೆಯನ್ನು ಕತ್ತರಿಸಿದರೆ, ಜಾರುವ ಯಂತ್ರ ಸುಮಾರು 300 ಮಿ.ಮೀ.ವರೆಗೆ ಹೋಗುತ್ತದೆ. ಆಕರ್ಷಣೆಯೆಲ್ಲ ಇರುವುದು ಈ ಒಂದು ಅಂಕಿಯಲ್ಲಿ.

ಈ 300 ಮಿ.ಮೀ. ಯಾರಿಗೆ ಬೇಕು? ಅಮೆರಿಕದಲ್ಲಿ ಮನೆ ಕಟ್ಟುವವನಿಗೆ ಬೇಕು. ಅಲ್ಲಿಯ ಮನೆ ಮರದ ಮನೆ. ಗೋಡೆಯ ಒಳಗಿನ ಎಲುಬು, ನೆಲದ ತೊಲೆ, ಮೆಟ್ಟಿಲು, ಹಿತ್ತಲಿನ ಜಗಲಿ ಎಲ್ಲವೂ ಅಳತೆಗೆ ಕೊಯ್ದ ಪೈನ್ ಜಾತಿಯ ಮರ. ಅವರು "ಎರಡು ಹನ್ನೆರಡು" ಎಂದು ಕರೆಯುವ ಹಲಗೆ ನಿಜದಲ್ಲಿ ಒಂದೂವರೆ ಇಂಚು ದಪ್ಪ, ಹನ್ನೊಂದೂಕಾಲು ಇಂಚು ಅಗಲ, ಅಂದರೆ ಸುಮಾರು 286 ಮಿ.ಮೀ. ಅದನ್ನು ದಿನಕ್ಕೆ ನೂರು ಸಲ ಅಡ್ಡಲಾಗಿ ಕತ್ತರಿಸಬೇಕಾದವನಿಗೆ ಜಾರುಗರಗಸ ವರವೇ ಸರಿ. ಗೋಡೆ ಮತ್ತು ಛಾವಣಿ ಕೂಡುವಲ್ಲಿ ಅಂಚುಪಟ್ಟಿ, ಗೋಡೆ ಮತ್ತು ನೆಲ ಕೂಡುವಲ್ಲಿ ಅಗಲಪಟ್ಟಿ, ಇವೆಲ್ಲವೂ ಅಲ್ಲಿ ಮರದವು.

ನಮ್ಮಲ್ಲಿ ಗೋಡೆ ಇಟ್ಟಿಗೆಯದು, ಛಾವಣಿ ಕಾಂಕ್ರೀಟಿನದು, ನೆಲದ ಅಂಚಿಗೆ ಟೈಲ್ಸ್ ಅಥವಾ ಗ್ರಾನೈಟು. ಮರವೆಂದರೆ ಬಾಗಿಲು, ಕಿಟಕಿ, ಪೀಠೋಪಕರಣ, ದೇವರ ಮಂಟಪ. ಮನೆಯಲ್ಲಿ ಹವ್ಯಾಸಕ್ಕೆ ಕೆಲಸ ಮಾಡುವವನು ಏನನ್ನು ಕತ್ತರಿಸುತ್ತಾನೆ? ಸ್ಟೂಲಿನ ಕಾಲು, ಮೇಜಿನ ಅಡ್ಡಪಟ್ಟಿ, ಪುಸ್ತಕದ ಕಪಾಟಿನ ಚೌಕಟ್ಟು, ಫೋಟೋದ ಕಟ್ಟು. ಇವುಗಳಲ್ಲಿ ನಾಲ್ಕು ಇಂಚಿಗಿಂತ ಅಗಲವಾದುದು ಅಪರೂಪ. ನಾಲ್ಕು ಇಂಚು ಅಗಲ, ಎರಡೂವರೆ ಇಂಚು ದಪ್ಪದ ಹಲಸಿನ ಅಥವಾ ಸಾಗುವಾನಿಯ ತುಂಡು ಜಾರದ 10 ಇಂಚಿನ ಯಂತ್ರದೊಳಗೆ ನೆಮ್ಮದಿಯಾಗಿ ಹಿಡಿಸುತ್ತದೆ. ನಿಜವಾಗಿ ಅಗಲವಾದುದು ಪ್ಲೈವುಡ್. ಎಂಟಡಿ ನಾಲ್ಕಡಿಯ ಆ ಹಾಳೆಯ ಎದುರು 150 ಮಿ.ಮೀ.ನ ಯಂತ್ರ ಎಷ್ಟು ಅಸಹಾಯಕವೋ 300 ಮಿ.ಮೀ.ನದೂ ಅಷ್ಟೇ ಅಸಹಾಯಕ! ಅದಕ್ಕೆ ಬೇಕಾದುದು ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಮತ್ತು ನೇರವಾದ ಒಂದು ಅಲ್ಯೂಮಿನಿಯಂ ಪಟ್ಟಿ. ಮರವನ್ನು ಉದ್ದಕ್ಕೆ ಸೀಳುವುದಕ್ಕೂ ಮೈಟರ್ ಸಾ ಬರುವುದಿಲ್ಲ, ಜಾರಲಿ, ಜಾರದಿರಲಿ. ಇದನ್ನು ಅಂಗಡಿಯವರು ಹೇಳುವುದಿಲ್ಲ; ಕೊಂಡವರು ಮನೆಗೆ ಬಂದ ಮೇಲೆ ಕಂಡುಕೊಳ್ಳುತ್ತಾರೆ.

ಇನ್ನು ಲೆಕ್ಕಕ್ಕೆ ಬರೋಣ. ಗಣಿತದ ಮೇಷ್ಟರಿಂದ ನೀವು ಇದನ್ನು ನಿರೀಕ್ಷಿಸಿಯೇ ಇರುತ್ತೀರಿ. ನಾಲ್ಕು ಬಾಹುಗಳ ಚೌಕಟ್ಟಿಗೆ ಎಂಟು ಓರೆ ಕತ್ತರಿಕೆಗಳು. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಒಟ್ಟು ನಾಲ್ಕು ಡಿಗ್ರಿ. ಮೂರು ಮೂಲೆಗಳನ್ನು ಬಿಗಿಯಾಗಿ ಕೂಡಿಸಿದರೆ ಆ ನಾಲ್ಕು ಡಿಗ್ರಿಯೂ ಕೊನೆಯ ಮೂಲೆಗೆ ಬಂದು ಕೂರುತ್ತದೆ. ಪಟ್ಟಿಯ ಅಗಲ 5 ಸೆಂ.ಮೀ. ಇದ್ದರೆ ಓರೆಯಂಚಿನ ಉದ್ದ ಸುಮಾರು 7 ಸೆಂ.ಮೀ.; ಅಲ್ಲಿ ತೆರೆದುಕೊಳ್ಳುವ ಬಿರುಕು ಸುಮಾರು 5 ಮಿ.ಮೀ. ಫೆವಿಕಾಲು, ಮರದ ಹುಡಿ ಎಷ್ಟು ತುಂಬಿದರೂ ಮುಚ್ಚದ ಬಿರುಕು ಅದು. ಅಂದರೆ ಈ ಯಂತ್ರದಿಂದ ನಮಗೆ ಬೇಕಾದ ಮೊದಲ ಗುಣ ಅಗಲವಲ್ಲ, ಕೋನದ ನಿಖರತೆ. ಅಗಲವಿಲ್ಲದ ಯಂತ್ರದಲ್ಲಿ ಹಲಗೆಯನ್ನು ಮಗುಚಿ ಎರಡನೆಯ ಸಲ ಕತ್ತರಿಸಬಹುದು. ನಿಖರತೆಯಿಲ್ಲದ ಯಂತ್ರದಲ್ಲಿ ಎಷ್ಟು ಸಲ ಕತ್ತರಿಸಿದರೂ ಅಷ್ಟೇ.

ಕಡಿಮೆ ಬೆಲೆಯ ಜಾರುಗರಗಸ ಸೋಲುವುದು ಇಲ್ಲಿಯೇ. ಜಾರದ ಯಂತ್ರದಲ್ಲಿ ಸಡಿಲಾಗಬಹುದಾದ ಮುಖ್ಯ ಜಾಗ ಒಂದೇ, ತಲೆಯ ಹಿಂದಿನ ಕೀಲು. ಜಾರುವ ಯಂತ್ರದಲ್ಲಿ ಆ ಕೀಲಿನ ಜೊತೆಗೆ ಎರಡು ಕೊಳವೆಗಳು, ಅವು ಓಡಾಡುವ ಬೇರಿಂಗುಗಳು. ಎಂಟನೆಯ ತರಗತಿಯಲ್ಲಿ ಸಮರೂಪ ತ್ರಿಭುಜಗಳನ್ನು ಕಲಿಯುವಾಗ "ಇದೆಲ್ಲಿ ಉಪಯೋಗಕ್ಕೆ ಬರುತ್ತದೆ ಸರ್?" ಎಂದು ಕೇಳಿದವರು ಈಗ ಕೇಳಿಸಿಕೊಳ್ಳಿ. ಬೇರಿಂಗುಗಳ ನಡುವಿನ ಅಂತರ 100 ಮಿ.ಮೀ. ಇದ್ದು, ಅಲ್ಲಿ ಕೇವಲ 0.2 ಮಿ.ಮೀ. ಸಡಿಲವಿದ್ದರೆ, ತಲೆ 300 ಮಿ.ಮೀ. ಮುಂದಕ್ಕೆ ಬಂದಾಗ ಅದು 0.6 ಮಿ.ಮೀ. ಆಗುತ್ತದೆ. ಕೊಳವೆಯ ಬಾಗು, ಮೋಟಾರಿನ ಭಾರ, ಹಿಡಿಯನ್ನು ಹಿಡಿದ ಕೈಯ ಒತ್ತಡ ಬೇರೆ. ಒಳ್ಳೆಯ ಕಂಪನಿಗಳು ದಪ್ಪ ಕೊಳವೆ, ಉತ್ತಮ ಬೇರಿಂಗು ಹಾಕಿ ಇದನ್ನು ಹತೋಟಿಯಲ್ಲಿಡುತ್ತವೆ, ಅದಕ್ಕೆ ತಕ್ಕ ಬೆಲೆಯನ್ನೂ ವಸೂಲು ಮಾಡುತ್ತವೆ. ಅರ್ಧ ಬೆಲೆಗೆ ಮಾರುವವನು ಉಳಿತಾಯ ಮಾಡುವುದಾದರೂ ಎಲ್ಲಿ? ಮೋಟಾರಿನ ವ್ಯಾಟುಗಳನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಲೇಬೇಕು; ಲೇಸರ್ ಗೆರೆ ಕಣ್ಣಿಗೆ ಕಾಣಬೇಕು. ಬೇರಿಂಗು ಯಾರಿಗೂ ಕಾಣುವುದಿಲ್ಲ!

ಆದ್ದರಿಂದ ಒಂದೇ ಬೆಲೆಗೆ ದೊರೆಯುವ ಎರಡು ಯಂತ್ರಗಳಲ್ಲಿ ಜಾರದ್ದು ಯಾವಾಗಲೂ ಹೆಚ್ಚು ಗಟ್ಟಿಯಾಗಿರುತ್ತದೆ ಎಂಬುದು ನನ್ನ ವಾದದ ತಿರುಳು. ಉಳಿದ ಹಣವನ್ನು ಅಲಗಿಗೆ ಹಾಕಿರಿ. ಯಂತ್ರದ ಜೊತೆಗೆ ಬರುವ ಅಲಗು ಸಾಮಾನ್ಯವಾಗಿ ಕಡಿಮೆ ಹಲ್ಲಿನದು, ಒರಟು ಕೆಲಸಕ್ಕೆ. 60 ಹಲ್ಲಿನ, ಕಾರ್ಬೈಡ್ ತುದಿಯ ಒಳ್ಳೆಯ ಅಲಗನ್ನು ಹಾಕಿದ ಸಾಧಾರಣ ಯಂತ್ರ, ಒರಟು ಅಲಗಿನ ಭಾರೀ ಯಂತ್ರಕ್ಕಿಂತ ಅಂದವಾದ ಅಂಚನ್ನು ಕೊಡುತ್ತದೆ.

ಎದುರುವಾದವನ್ನೂ ಹೇಳಬೇಕಷ್ಟೆ. ಒಳಾಂಗಣ ವಿನ್ಯಾಸದ ಕೆಲಸ ಹಿಡಿದು ಚೆನ್ನಾಗಿಯೇ ಬಾಳುತ್ತಿರುವ ನನ್ನ ವಿದ್ಯಾರ್ಥಿಯೊಬ್ಬ ಹೇಳುತ್ತಾನೆ: "ಸರ್, ಹನ್ನೊಂದು ಇಂಚಿನ ಶೆಲ್ಫ್ ಹಲಗೆಗಳನ್ನು ದಿನಕ್ಕೆ ನಲವತ್ತು ಕತ್ತರಿಸುತ್ತೇನೆ. ಜಾರುಗರಗಸವಿಲ್ಲದಿದ್ದರೆ ಹೊಟ್ಟೆಪಾಡು ನಡೆಯದು." ಒಪ್ಪಿದೆ. ಅವನ ಕಾರ್ಯಾಗಾರದಲ್ಲಿ ಆ ಯಂತ್ರವನ್ನು ನಾನೂ ನಡೆಸಿ ನೋಡಿದ್ದೇನೆ; ಸೊಗಸಾದ ಯಂತ್ರ. ಆದರೆ ಅವನು ಕೊಂಡದ್ದು ಅಗ್ಗದ್ದಲ್ಲ, ಮತ್ತು ಅದರ ಬೆಲೆಯನ್ನು ಆರು ತಿಂಗಳಲ್ಲಿ ದುಡಿದು ತೀರಿಸಿದ. ತಿಂಗಳಿಗೆ ಎರಡು ಭಾನುವಾರ ಮರ ಮುಟ್ಟುವ ಬ್ಯಾಂಕ್ ನೌಕರನಿಗೆ ಅವನ ಲೆಕ್ಕ ಹೇಗೆ ಅನ್ವಯಿಸುತ್ತದೆ? "ಮುಂದೆ ಬೇಕಾದೀತು" ಎಂಬ ಮಾತು ಇನ್ನೊಂದು. ಮುಂದೆ ಬೇಕಾದಾಗ ಮುಂದೆ ಕೊಳ್ಳಬಹುದು. ಬೇಕಾಗುವ ಹೊತ್ತಿಗೆ ಯಾವುದು ಬೇಕೆಂಬ ತಿಳಿವಳಿಕೆಯೂ ಬಂದಿರುತ್ತದೆ.

ಅಮೆರಿಕದಲ್ಲಿರುವ ನನ್ನ ಸೋದರಳಿಯನ ವಾದ ಬೇರೆ. "ಮಾವ, ಇಲ್ಲಿ ಹಬ್ಬದ ರಿಯಾಯಿತಿಯಲ್ಲಿ ಬಹಳ ಅಗ್ಗ, ಬರುವಾಗ ಒಂದು ತಂದುಬಿಡುತ್ತೇನೆ" ಎನ್ನುತ್ತಾನೆ. ಪ್ರೀತಿಯಿಂದ ಹೇಳುವ ಮಾತು, ಬೇಡವೆನ್ನಲು ಸಂಕೋಚ. ಆದರೂ ಬೇಡವೆಂದೇ ಹೇಳಿದ್ದೇನೆ. ನಿಮಗೂ ಇಂಥ ಅಳಿಯಂದಿರು ಇರಬಹುದಾದ್ದರಿಂದ ಕಾರಣ ಕೇಳಿ. ಅಲ್ಲಿಯ ವಿದ್ಯುತ್ತು 120 ವೋಲ್ಟ್, ಇಲ್ಲಿಯದು 230. ನೇರವಾಗಿ ಚುಚ್ಚಿದರೆ ಮೋಟಾರು ಸುಟ್ಟುಹೋಗುತ್ತದೆ. ಅಲ್ಲಿಯ 15 ಆಂಪಿಯರ್ ಯಂತ್ರವೆಂದರೆ 1800 ವ್ಯಾಟ್. ಆರಂಭದಲ್ಲಿ ಅದು ಎಳೆಯುವ ವಿದ್ಯುತ್ತು ಇನ್ನೂ ಹೆಚ್ಚು. ಅದನ್ನು ತಾಳುವ ಟ್ರಾನ್ಸ್‌ಫಾರ್ಮರ್ ಭಾರವಾದದ್ದೂ ಹೌದು, ಅಗ್ಗದ ಲಾಭವನ್ನೆಲ್ಲ ನುಂಗುವಂಥದ್ದೂ ಹೌದು. ಸಾಲದೆಂಬಂತೆ ಅಲ್ಲಿಯ 10 ಇಂಚಿನ ಅಲಗಿನ ನಡುರಂಧ್ರ 5/8 ಇಂಚು, ಅಂದರೆ 16 ಮಿ.ಮೀ.ಗೆ ತುಸು ಕಡಿಮೆ. ಇಲ್ಲಿ ದೊರೆಯುವ ಆ ಅಳತೆಯ ಅಲಗುಗಳಲ್ಲಿ ಹೆಚ್ಚಿನವು 25.4 ಅಥವಾ 30 ಮಿ.ಮೀ. ರಂಧ್ರದವು. ಪ್ರತಿ ಸಲ ಅಲಗು ಸವೆದಾಗಲೂ ಸೋದರಳಿಯನ ಬರವನ್ನು ಕಾಯುತ್ತ ಕೂರಬೇಕೇ?

ವಿದ್ಯುತ್ತಿನ ಮಾತು ಬಂದದ್ದರಿಂದ ಇನ್ನೂ ಒಂದು. ಇಲ್ಲಿಯದೇ 1650 ವ್ಯಾಟಿನ ಯಂತ್ರವಾದರೂ 230 ವೋಲ್ಟಿನಲ್ಲಿ 7 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಟಿ.ವಿ., ಫ್ಯಾನುಗಳಿಗಿರುವ 6 ಆಂಪಿಯರ್ ಸಾಕೆಟ್ಟಿಗೆ, ಅದರಲ್ಲೂ ಸಂತೆಯಲ್ಲಿ ಕೊಂಡ ಎಕ್ಸ್‌ಟೆನ್ಷನ್ ಬಾಕ್ಸಿಗೆ, ಇದನ್ನು ಜೋಡಿಸಬಾರದು. ಗೀಸರಿಗೆ ಹಾಕಿಸುವಂಥ 16 ಆಂಪಿಯರ್ ಸಾಕೆಟ್ಟು ಬೇಕು, ಗಟ್ಟಿ ತಂತಿ ಬೇಕು. ಇನ್ನು ನಾಮಫಲಕ. ಕೆಲವು ಅಗ್ಗದ ಯಂತ್ರಗಳಲ್ಲಿ ವ್ಯಾಟುಗಳ ಪಕ್ಕದಲ್ಲಿ ಚಿಕ್ಕದಾಗಿ "ಎಸ್6 25%" ಎಂದು ಕೆತ್ತಿರುತ್ತಾರೆ. ಹತ್ತು ನಿಮಿಷದ ಆವರ್ತದಲ್ಲಿ ಎರಡೂವರೆ ನಿಮಿಷ ಮಾತ್ರ ಆ ಹೊರೆಯಲ್ಲಿ ದುಡಿಯಬಲ್ಲದು, ಉಳಿದ ಹೊತ್ತು ಬರಿದೇ ತಿರುಗಿ ತಣಿಯಬೇಕು ಎಂಬುದು ಅದರ ಅರ್ಥ. ನಗರದ ಅಂಗಡಿಯೊಂದರಲ್ಲಿ ಇದನ್ನು ತೋರಿಸಿ ಕೇಳಿದಾಗ ಮಾರಾಟದ ಹುಡುಗ "ಅದು ಮಾಡೆಲ್ ನಂಬರ್ ಸರ್" ಎಂದ. ಅವನನ್ನು ಬೈಯುವುದಿಲ್ಲ, ಅವನಿಗೆ ಹೇಳಿಕೊಟ್ಟವರಿಲ್ಲ. ಹೇಳಿಕೊಡದೆ ನಿಲ್ಲಿಸಿದವರನ್ನು ಬೈಯುತ್ತೇನೆ.

ಈವರೆಗಿನದು ಹಣದ ಮಾತು, ಅಂದದ ಮಾತು. ನನ್ನ ಹಟಕ್ಕೆ ನಿಜವಾದ ಕಾರಣ ಬೆರಳುಗಳು. ಜಾರದ ಗರಗಸದ ಚಲನೆ ಒಂದೇ: ಕೆಳಕ್ಕೆ, ಮೇಲಕ್ಕೆ. ಜಾರುವುದಕ್ಕೆ ಎರಡನೆಯ ಚಲನೆಯಿದೆ, ಅದರ ಕ್ರಮ ಸಹಜಬುದ್ಧಿಗೆ ವಿರುದ್ಧವಾದುದು. ತಲೆಯನ್ನು ಮೊದಲು ನಿಮ್ಮ ಕಡೆಗೆ ಎಳೆಯಬೇಕು, ಆಮೇಲೆ ಮೋಟಾರು ಚಾಲೂ ಮಾಡಬೇಕು, ಅಲಗನ್ನು ಕೆಳಗಿಳಿಸಬೇಕು, ನಂತರ ನಿಮ್ಮಿಂದ ದೂರಕ್ಕೆ ತಳ್ಳುತ್ತ ಕತ್ತರಿಸಬೇಕು. ಕೈಗರಗಸ ಹಿಡಿದ ಅಭ್ಯಾಸದಿಂದಲೋ ಅವಸರದಿಂದಲೋ ಎಳೆಯುತ್ತ ಕತ್ತರಿಸಿದರೆ ಹಲ್ಲುಗಳು ಮರವನ್ನು ಹಿಡಿದು ಅದರ ಮೇಲೇರಿ ನಿಮ್ಮ ಕಡೆಗೇ ನುಗ್ಗುತ್ತವೆ. ರೇಮಂಡ್ ಡಿವಾಲ್ಟ್ 1920ರ ದಶಕದಲ್ಲಿ ನಿರ್ಮಿಸಿದ ರೇಡಿಯಲ್ ಆರ್ಮ್ ಗರಗಸವನ್ನು ಎಳೆದೇ ಕತ್ತರಿಸುತ್ತಿದ್ದರು. ಅದರಿಂದ ಇದಕ್ಕೆ ಬಂದವರಿಗೂ ಈ ಗೊಂದಲ ತಪ್ಪಿದ್ದಲ್ಲ. ಅಲಗಿನ ಹಲ್ಲು ಎಷ್ಟು ಮುಂದಕ್ಕೆ ಬಾಗಿದೆ ಎಂಬುದೂ ಇಲ್ಲಿ ಮುಖ್ಯ. ಜಾರುಗರಗಸಕ್ಕೆ ಆ ಕೋನ ಸೊನ್ನೆಯ ಸಮೀಪದಲ್ಲಿರಬೇಕು, ಋಣಾತ್ಮಕವಾಗಿದ್ದರೆ ಇನ್ನೂ ಒಳ್ಳೆಯದು. ಸೀಳುವ ಕೆಲಸಕ್ಕೆಂದು ಮಾಡಿದ, ಹಲ್ಲು ಮುಂದಕ್ಕೆ ಬಾಗಿದ ಅಲಗನ್ನು "ಅಳತೆ ಸರಿಯಿದೆ" ಎಂದು ಇದಕ್ಕೆ ಸಿಕ್ಕಿಸುವವರಿದ್ದಾರೆ. ಅಳತೆ ಸರಿಯಿರುತ್ತದೆ, ಕೆಲಸ ಸರಿಯಿರುವುದಿಲ್ಲ.

ಕೆಳಗಿನ ರಕ್ಷಾಕವಚವನ್ನು ತಂತಿಯಿಂದ ಮೇಲಕ್ಕೆ ಕಟ್ಟಿಡುವುದು ನಮ್ಮ ರಾಷ್ಟ್ರೀಯ ಅಭ್ಯಾಸವಾಗಿಬಿಟ್ಟಿದೆ. "ಕಾಣುವುದಿಲ್ಲ, ಅಡ್ಡ ಬರುತ್ತದೆ" ಎನ್ನುತ್ತಾರೆ. ಅಡ್ಡ ಬರುವುದಕ್ಕಾಗಿಯೇ ಅಲ್ಲವೇ ಅದನ್ನು ಇಟ್ಟಿರುವುದು! ಸ್ವಿಚ್ಚು ಬಿಟ್ಟ ಮೇಲೂ ಬ್ರೇಕಿಲ್ಲದ ಯಂತ್ರದ ಅಲಗು ಕೆಲವು ಕ್ಷಣ ಸದ್ದಿಲ್ಲದೆ ಸುತ್ತುತ್ತಲೇ ಇರುತ್ತದೆ, ಮತ್ತು ಕೈ ಮುಂದಕ್ಕೆ ಹೋಗುವುದು ಆ ಕ್ಷಣದಲ್ಲಿಯೇ. ಅಲಗಿಗೂ ಕೈಗೂ ಕನಿಷ್ಠ ಒಂದು ಗೇಣು ಅಂತರವಿರಲಿ. ಅದಕ್ಕಿಂತ ಚಿಕ್ಕ ತುಂಡನ್ನು ಕ್ಲಾಂಪಿನಿಂದ ಹಿಡಿಸಿರಿ, ಇಲ್ಲವೇ ಕೈಗರಗಸದಿಂದ ಕತ್ತರಿಸಿರಿ. ಕೈಗವಸು ಬೇಡ, ಜೋತಾಡುವ ಶಲ್ಯ ಬೇಡ. ಪಂಚೆಯುಟ್ಟು ಮರ ಕೊಯ್ಯುವ ಹಿರಿಯರು ಕ್ಷಮಿಸಬೇಕು, ಪಂಚೆಯೂ ಬೇಡ.

ಯಂತ್ರವೇ ದುಬಾರಿಯೆಂದು ಮಾರ್ಬಲ್ ಕಟ್ಟರಿಗೆ ಮರದ ಅಲಗು ಸಿಕ್ಕಿಸಿಕೊಳ್ಳುವವರ ವಿಷಯ ಹೇಳದಿದ್ದರೆ ನನ್ನ ವಾದ ಅರ್ಧವಾದೀತು. ಅದು ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತು ತಿರುಗುವ, ಕಲ್ಲಿಗಾಗಿ ಮಾಡಿದ ಯಂತ್ರ. ತಾನಾಗಿ ಮುಚ್ಚಿಕೊಳ್ಳುವ ಕವಚ ಅದಕ್ಕಿಲ್ಲ. ನುರಿತ ಬಡಗಿಗಳು ಅದರಲ್ಲಿ ಕೆಲಸ ಮಾಡುವುದನ್ನು ನೋಡಿದ್ದೇನೆ, ಅವರಲ್ಲಿ ಕೆಲವರ ಬೆರಳುಗಳನ್ನೂ ನೋಡಿದ್ದೇನೆ. ಅದರ ಬದಲು ಕೈಗರಗಸ ಸಾಕು. ನಮ್ಮೂರಿನ ಹಿರಿಯ ಆಚಾರ್ರು ಮೂರು ಹಲಗೆಗಳನ್ನು ತೊಟ್ಟಿಯಂತೆ ಜೋಡಿಸಿ, ಪಕ್ಕದ ಹಲಗೆಗಳಲ್ಲಿ 45 ಡಿಗ್ರಿಯ ಗಾಡಿ ಕೊಯ್ದು, ಅದರೊಳಗೆ ಗರಗಸವಾಡಿಸಿ ಕಿಟಕಿಯ ಪಟ್ಟಿಗಳನ್ನು ಕತ್ತರಿಸುತ್ತಿದ್ದರು. ಆಮೇಲೆ ಕೀಸುಳಿಯಿಂದ ಓರೆಯಂಚನ್ನು ಒಂದೆರಡು ಸಲ ಉಜ್ಜಿದರೆ ಕೂದಲು ತೂರದಂತೆ ಕೂಡಿಕೊಳ್ಳುತ್ತಿತ್ತು. ಆ ಪೆಟ್ಟಿಗೆಗೆ ತಗಲುವ ಖರ್ಚು ಒಂದು ತುಂಡು ಮರ, ಆರು ಮೊಳೆ. ವರ್ಷಕ್ಕೆ ಮೂರು ಫೋಟೋ ಕಟ್ಟುವವನಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಹುಡಿಯ ವಿಷಯ ಯಾರೂ ಕೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಮರದ ಹುಡಿಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ವರ್ಷಗಟ್ಟಲೆ ಗಟ್ಟಿಮರದ ಹುಡಿ ಸೇವಿಸಿದವರ ಮೂಗು ಮತ್ತು ಅದರ ಸುತ್ತಲಿನ ಕುಹರಗಳಿಗೆ ಅಪಾಯ. ಬೀಟೆ, ಸಾಗುವಾನಿಯ ಹುಡಿ ಕೆಲವರ ಚರ್ಮಕ್ಕೂ ಆಗದು. ಮೈಟರ್ ಸಾಗಳೆಲ್ಲವೂ ಹುಡಿಯನ್ನು ಹಿಂದಕ್ಕೆ ಎರಚುತ್ತವೆ. ಜೊತೆಗೆ ಕೊಡುವ ಬಟ್ಟೆಯ ಚೀಲ ಹಿಡಿಯುವುದು ಅದರ ಒಂದು ಪಾಲನ್ನು ಮಾತ್ರ. ಫ್ಲಾಟಿನ ಬಾಲ್ಕನಿಯಲ್ಲಿ, ಪಕ್ಕದ ಮನೆಯವರು ಬಟ್ಟೆ ಒಣಹಾಕಿರುವಾಗ, ಇದನ್ನು ನಡೆಸುವ ಯೋಚನೆಯಿದ್ದವರು ಮೊದಲು ಒಂದು ವ್ಯಾಕ್ಯೂಮ್ ಯಂತ್ರಕ್ಕೂ ಒಳ್ಳೆಯ ಮಾಸ್ಕಿಗೂ ಹಣ ತೆಗೆದಿಡಿ. ಬಾಲ್ಕನಿಯವರಿಗೆ ಇನ್ನೊಂದು ಸಂಗತಿ: ಸಾಮಾನ್ಯ ಜಾರುಗರಗಸದ ಕೊಳವೆಗಳು ಹಿಂದಕ್ಕೆ ಚಾಚುತ್ತವೆ. ಗೋಡೆಗೆ ಆನಿಸಿಡಲಾಗದು.

ಇಷ್ಟು ಹೇಳಿದ ಮೇಲೂ ಜಾರುಗರಗಸವನ್ನೇ ಕೊಳ್ಳುತ್ತೇನೆನ್ನುವವರು ಇದ್ದೇ ಇರುತ್ತಾರೆ (ನನ್ನ ತರಗತಿಯಲ್ಲಿಯೂ ಇದ್ದರು). ಅವರು ಕನಿಷ್ಠ ಹೀಗೆ ಮಾಡಲಿ. 10 ಇಂಚಿನ ಅಗ್ಗದ ಯಂತ್ರದ ಬದಲು ಹೆಸರುವಾಸಿ ಕಂಪನಿಯ ಎಂಟೂವರೆ ಇಂಚಿನ, ಅಂದರೆ 216 ಮಿ.ಮೀ. ಅಲಗಿನ ಜಾರುಗರಗಸವನ್ನು ನೋಡಲಿ. ಅಗಲದಲ್ಲಿ ಅದೂ 300 ಮಿ.ಮೀ. ಸಮೀಪಕ್ಕೆ ಹೋಗುತ್ತದೆ, ಕಳೆದುಕೊಳ್ಳುವುದು ಎತ್ತರವನ್ನು ಮಾತ್ರ. ಚಿಕ್ಕ ಅಲಗು ಕಡಿಮೆ ಅದುರುತ್ತದೆ. ಅಂಗಡಿಯಲ್ಲಿ ಪ್ಲಗ್ಗು ತೆಗೆಸಿ, ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು, ಹಿಡಿಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಲಿ. ಕಣ್ಣಿಗೆ ಕಾಣುವಷ್ಟು ಅಲುಗಿದರೆ ವಂದನೆ ಹೇಳಿ ಹೊರಬರಲಿ. ಸಾಧ್ಯವಾದರೆ ಅಗಲ ಹಲಗೆಯೊಂದನ್ನು ಕೊಂಡೊಯ್ದು ನೇರವಾಗಿ ಕತ್ತರಿಸಿ, ಒಂದು ತುಂಡನ್ನು ಮಗುಚಿ, ಎರಡನ್ನೂ ನೇರವಾದ ಪಟ್ಟಿಗೆ ಒತ್ತಿ ಅಂಚಿಗೆ ಅಂಚು ಕೂಡಿಸಲಿ. ತಪ್ಪಿದ್ದರೆ ಅದು ಎರಡರಷ್ಟಾಗಿ ಕಾಣುತ್ತದೆ. 300 ಮಿ.ಮೀ. ಹಲಗೆಯಲ್ಲಿ ಕಾಲು ಡಿಗ್ರಿಯ ದೋಷ ಎರಡೂವರೆ ಮಿ.ಮೀ.ಗೂ ಹೆಚ್ಚಿನ ಸಂದಿಯಾಗಿ ತೋರುವುದರಿಂದ ಇದಕ್ಕೆ ಬೇರೆ ಉಪಕರಣ ಬೇಕಿಲ್ಲ. ಪೆಟ್ಟಿಗೆ ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳದಿರಲಿ. ಬಿಡಿಭಾಗ, ಮೋಟಾರಿನ ಕಾರ್ಬನ್ ಬ್ರಷ್ಷು ತಮ್ಮ ಜಿಲ್ಲಾಕೇಂದ್ರದಲ್ಲಿ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲು ಕೇಳಲಿ, ಕೊಟ್ಟ ಮೇಲಲ್ಲ.

ನನ್ನ ಕೊಟ್ಟಿಗೆಯಲ್ಲಿರುವುದು ಜಾರದ 10 ಇಂಚಿನ ಯಂತ್ರ. ನೋಡಿ, ನಡೆಸಿ ಆಮೇಲೆ ನಿರ್ಧರಿಸಬೇಕೆನ್ನುವವರು ಯಾವ ಭಾನುವಾರವಾದರೂ ಬೆಳಿಗ್ಗೆ ಹತ್ತರ ನಂತರ ಬರಬಹುದು. ಮರ, ಮಾಸ್ಕು ನಿಮ್ಮದೇ ತನ್ನಿ, ಕಾಫಿ ನಮ್ಮದು.